ತೂಕದ ಪುಸ್ತಕ

15 ಡಿಸೆಂಬರ್ 2025, ಸೋಮವಾರ
ಹಾಸನ

ಇಂಟರ್ನ್‌ಶಿಪ್‌ಗೆ ಸೇರಿ ಇಂದಿಗೆ ಐದು ವಾರ. ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ಮಕ್ಕಳಿಗೆ ಬರವಣಿಗೆಯ ಕಮ್ಮಟ ನಡೆಸುವ ಪುಟ್ಟ ಸಂಸ್ಥೆಯೊಂದರಲ್ಲಿ ಪ್ರಚಾರ ಮತ್ತು ದೇಣಿಗೆ ಸಂಗ್ರಹದ ಕೆಲಸ ನನ್ನದು. ಇಂದು ಬೆಳಿಗ್ಗೆ ನಾನು ಬರೆದ ಮನವಿ ಪತ್ರ 46 ಜನರಿಗೆ ಹೋಯಿತು. ಹೋದ ಪತ್ರಕ್ಕೂ ಶುಕ್ರವಾರ ನಾನು ಬರೆದು ಮುಗಿಸಿದ್ದ ಪತ್ರಕ್ಕೂ ಬಹಳ ವ್ಯತ್ಯಾಸವಿದೆ. ಆ ವ್ಯತ್ಯಾಸ ಹೇಗೆ ಬಂತೆಂಬುದನ್ನು ಮರೆಯುವ ಮೊದಲು ಬರೆದಿಡಬೇಕು.

ಮಕ್ಕಳ ಬರಹಗಳ ವಾರ್ಷಿಕ ಸಂಚಿಕೆ ಜನವರಿಯಲ್ಲಿ ಅಚ್ಚಿಗೆ ಹೋಗಬೇಕಿದೆ. 32 ಪುಟ, 500 ಪ್ರತಿ. ಪ್ರೆಸ್ಸಿನವರು ಹೇಳಿದ ದರ 21,000 ರೂಪಾಯಿ, ಅಂದರೆ ಪ್ರತಿಯೊಂದಕ್ಕೆ 42 ರೂಪಾಯಿ. ಈ ಹಣವನ್ನು ಹೊಂದಿಸುವ ಪತ್ರ ಬರೆಯುವಂತೆ ಸಂಯೋಜಕಿ ಮೇಡಂ ನನಗೆ ಹೇಳಿದ್ದರು. ಕಾಫಿ ತೋಟದ ಮಾಲೀಕರ ಹೆಸರುಗಳನ್ನು ನಾನು ಪಟ್ಟಿಯ ಮೊದಲಿಗೇ ಬರೆದುಕೊಂಡಿದ್ದೆ. ಮೇಡಂ ಅವುಗಳನ್ನು ಒಂದೊಂದಾಗಿ ಗುರುತು ಹಾಕಿ ಪಕ್ಕಕ್ಕಿಟ್ಟರು. "ಈಗ ಕೊಯ್ಲಿನ ಕಾಲ. ವಾರ ವಾರ ಕೂಲಿ ಬಟವಾಡೆಗೆ ದುಡ್ಡು ಹೊಂದಿಸೋದರಲ್ಲೇ ಅವರು ಹೈರಾಣಾಗಿರ್ತಾರೆ. ಕಾಫಿ ಒಣಗಿ ಮಾರಾಟವಾಗಲಿ, ಆಮೇಲೆ ಹೋಗಿ ಕೇಳೋಣ" ಎಂದರು. ಯಾರನ್ನು ಕೇಳಬೇಕೆಂಬಷ್ಟೇ ಯಾವಾಗ ಕೇಳಬೇಕೆಂಬುದೂ ಮುಖ್ಯವೆಂದು ನನಗೆ ಗೊತ್ತಾದದ್ದು ಆಗ. ಕೊನೆಗೆ ಪಟ್ಟಿಯಲ್ಲಿ ಉಳಿದವರು ನಿವೃತ್ತ ಶಿಕ್ಷಕರು, ವಕೀಲರು, ವೈದ್ಯರು ಮತ್ತು ಬೆಂಗಳೂರಿನಲ್ಲಿ ನೆಲೆಸಿರುವ ನಮ್ಮ ಜಿಲ್ಲೆಯ ಕೆಲವರು.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ) ಹಣಕ್ಕೆ ಏಕೆ ಪ್ರಯತ್ನಿಸಬಾರದೆಂದೂ ಕೇಳಿದ್ದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಅನ್ವಯಿಸುವ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ಖರ್ಚು ಮಾಡಬೇಕು. ಆದರೆ ಪ್ರಸ್ತಾವನೆ, ಪರಿಶೀಲನೆ, ಒಪ್ಪಿಗೆಗಳೆಲ್ಲ ಮುಗಿಯುವುದಕ್ಕೆ ತಿಂಗಳುಗಳೇ ಬೇಕು. ಜನವರಿಯ ಸಂಚಿಕೆಗೆ ಅದು ಒದಗದು.

ಮೊದಲ ಕರಡಿನ ಆರಂಭದಲ್ಲಿ, ಇದೇ ಮೇ ತಿಂಗಳಲ್ಲಿ ಹಾಸನದ ಲೇಖಕಿಯೊಬ್ಬರಿಗೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದ ಸಂಗತಿಯನ್ನು ಬರೆದಿದ್ದೆ. ಆ ಸಾಧನೆ ಅವರದು, ಅದನ್ನು ನಮ್ಮ ಪತ್ರಕ್ಕೆ ತೋರಣವಾಗಿ ಕಟ್ಟಬಾರದು ಎಂದು ಮೇಡಂ ಆ ಭಾಗವನ್ನು ತೆಗೆಸಿದರು. ಆಗ ನನಗೆ ಬೇಸರವಾಗಿತ್ತು, ಈಗ ಅವರ ಮಾತು ಸರಿಯೆನಿಸುತ್ತದೆ. ಅದರ ಬದಲಿಗೆ ನಾನು ಆರಿಸಿಕೊಂಡದ್ದು ಸಕಲೇಶಪುರ ತಾಲ್ಲೂಕಿನ ಶಾಲೆಯೊಂದರ ಎಂಟನೇ ತರಗತಿಯ ಹುಡುಗಿಯ ಬರಹ. ಅವಳ ತಂದೆ ತಾಯಿ ಕಾಫಿ ತೋಟದಲ್ಲಿ ಕೆಲಸ ಮಾಡುತ್ತಾರೆ, ಮನೆಯವರೆಲ್ಲ ತೋಟದ ಲೈನ್ ಮನೆಯಲ್ಲಿ, ಅಂದರೆ ಕೆಲಸಗಾರರ ಸಾಲುಮನೆಯಲ್ಲಿ ಇರುತ್ತಾರೆ. ಅವಳ ನೋಟ್‌ಬುಕ್ಕಿನಲ್ಲಿ ಇದ್ದದ್ದು ಇಷ್ಟು. ಅವಳೂ ಅವಳ ಅವ್ವನೂ ಒಪ್ಪಿರುವುದರಿಂದ ಇಲ್ಲಿ ಹಾಗೆಯೇ ಬರೆಯುತ್ತಿದ್ದೇನೆ:

"ಸಂಜೆ ಹಣ್ಣು ತೂಕ ಹಾಕುವಾಗ ರೈಟರು ಅವ್ವನ ಹೆಸರಿನ ಮುಂದೆ ಕೆ.ಜಿ. ಬರೀತಾರೆ. ಅವ್ವಂಗೆ ಓದಕ್ಕೆ ಬರಲ್ಲ. ನಾನು ಪಕ್ಕದಲ್ಲಿ ನಿಂತ್ಕಂಡು ಓದ್ತೀನಿ. ಒಂದಿನ 62 ಇದ್ದಿದ್ದು 52 ಆಗಿತ್ತು. ನಾನು ಹೇಳಿದೆ. ರೈಟರು ತಿದ್ದಿದರು. ನಾನೂ ರೈಟರ್ ಆಗ್ತೀನಿ. ತೂಕ ಬರೆಯೋ ರೈಟರ್ ಅಲ್ಲ."

ನಾನು ಚನ್ನರಾಯಪಟ್ಟಣದ ಕಡೆಯವಳು, ತೆಂಗಿನ ಸೀಮೆಯವಳು. ಕಾಫಿ ತೋಟಗಳಲ್ಲಿ ಹಾಜರಿ, ತೂಕ, ಲೆಕ್ಕ ಬರೆಯುವ ನೌಕರನನ್ನು ರೈಟರ್ ಎಂದೇ ಕರೆಯುತ್ತಾರೆಂಬುದು ನನಗೆ ತಿಳಿದಿರಲಿಲ್ಲ. ಹುಡುಗಿ ಯಾವುದೋ ಪದವನ್ನು ತಪ್ಪಾಗಿ ಬಳಸಿದ್ದಾಳೆಂದು ಭಾವಿಸಿ, ಮೊದಲಿನ ರೈಟರನ್ನು "ಗುಮಾಸ್ತ"ನನ್ನಾಗಿಯೂ ಅವಳು ತಾನಾಗುತ್ತೇನೆಂದ ರೈಟರನ್ನು "ಲೇಖಕಿ"ಯನ್ನಾಗಿಯೂ ತಿದ್ದಿದೆ. ಅಲ್ಲಿಗೂ ನಿಲ್ಲಲಿಲ್ಲ. ಓದುವವರ ಮನಸ್ಸು ಕರಗಬೇಕೆಂಬ ಆತುರದಲ್ಲಿ "ಅವ್ವ"ನನ್ನು "ಅಕ್ಷರವರಿಯದ ನನ್ನ ಬಡ ತಾಯಿ" ಎಂದು ಬದಲಿಸಿ, ತೂಕ ತಪ್ಪಾದ ದಿನ ಆ ತಾಯಿ ಕಣ್ಣೀರಿಟ್ಟಳೆಂಬ ಒಂದು ಸಾಲನ್ನೂ ಸೇರಿಸಿದೆ. ಶುಕ್ರವಾರ ರಾತ್ರಿ ಅದನ್ನು ಓದಿಕೊಂಡಾಗ ಬಹಳ ಚೆನ್ನಾಗಿ ಬಂದಿದೆ ಎಂದೇ ನನಗನ್ನಿಸಿತ್ತು.

ಮಕ್ಕಳ ಬರಹ ಹೊರಗೆ ಹೋಗುವ ಮೊದಲು ಅವರಿಗೆ ಓದಿಸಿ ಒಪ್ಪಿಗೆ ಪಡೆಯುವುದು ನಮ್ಮಲ್ಲಿರುವ ಪದ್ಧತಿ. ಶನಿವಾರ ಬೆಳಗಿನ ಬಸ್ಸಿನಲ್ಲಿ ಬಾಳ್ಳುಪೇಟೆ ದಾಟುವಾಗ ರಸ್ತೆಯ ಎರಡೂ ಬದಿ ಇನ್ನೂ ಮಂಜು ಕವಿದಿತ್ತು. ಶಾಲೆ ಬಿಟ್ಟ ಮೇಲೆ ಜಗಲಿಯ ಮೇಲೆ ಕುಳಿತು ಹುಡುಗಿ ನನ್ನ ಹಾಳೆಯನ್ನು ಬೆರಳಿಟ್ಟುಕೊಂಡು ನಿಧಾನವಾಗಿ ಓದಿದಳು. ಕಣ್ಣೀರಿನ ಸಾಲಿಗೆ ಬಂದಾಗ ಬೆರಳು ಅಲ್ಲೇ ನಿಂತಿತು.

"ಅಕ್ಕಾ, ಇದು ನಾನು ಬರೆದಿದ್ದಲ್ಲ."

ಸ್ವಲ್ಪ ತಿದ್ದಿದ್ದೇನೆ ಅಷ್ಟೇ ಎಂದೆ. ಅವಳು ತಲೆಯಾಡಿಸಿದಳು. "ಅವ್ವ ಅವತ್ತು ಅತ್ತಿಲ್ಲ. ನಗಾಡಿದ್ಲು. ದಾರೀಲಿ ಎಲ್ಲಾರಿಗೂ ಹೇಳ್ಕಂಡು ಬಂದ್ಲು, ನನ್ ಮಗಳು ರೈಟರಿಗೇ ತಪ್ಪು ತೋರಿಸ್ದಳು ಅಂತ."

ನನಗೆ ಉತ್ತರ ಹೊಳೆಯಲಿಲ್ಲ. ಮಗಳು ಓದಬಲ್ಲಳು ಎಂದು ತಾಯಿ ಹಿಗ್ಗಿದ ಒಂದು ಸಂಜೆಯನ್ನು ನಾನು ಅಳುವ ಸಂಜೆಯನ್ನಾಗಿ ಮಾಡಿದ್ದೆ. ಅದೂ ಅಪರಿಚಿತರಿಂದ ಹಣ ಕೇಳುವುದಕ್ಕಾಗಿ, ಆ ಮಗುವಿನ ಬಾಯಿಂದಲೇ ಬಂದ ಮಾತೆಂಬಂತೆ. ನಾನು ಅವಳ ಕ್ಷಮೆ ಕೇಳಿದೆ. ಅವಳಿಗೆ ಅದರಿಂದ ಮುಜುಗರವಾಯಿತೆಂದು ಕಾಣುತ್ತದೆ; ಪೆನ್ಸಿಲ್ ತೆಗೆದು "ಗುಮಾಸ್ತ"ನನ್ನು ಹೊಡೆದು ಹಾಕಿ, ಮೇಲೆ "ರೈಟರು" ಎಂದು ಬರೆದು ಕೊಟ್ಟಳು.

ಹಿಂತಿರುಗಿದ ಮೇಲೆ ಮೇಡಂ ಅವರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಬೈಯಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯನ್ನು ತೆರೆದು ಎರಡು ಕಡೆ ಓದಿಸಿದರು: 17ನೇ ಸೆಕ್ಷನ್ನಿನ ಪ್ರಕಾರ ಬರೆದವರೇ ಬರಹದ ಮೊದಲ ಹಕ್ಕುದಾರರು, 57ನೇ ಸೆಕ್ಷನ್ ಬರೆದವರ ಗೌರವಕ್ಕೆ ಕುಂದು ತರುವಂತೆ ಬರಹವನ್ನು ತಿರುಚಿದಾಗ ಅದನ್ನು ತಡೆಯುವ ಹಕ್ಕನ್ನು ಬರೆದವರಿಗೆ ಕೊಡುತ್ತದೆ. ಬರೆದವರು ಎಂಟನೇ ತರಗತಿಯವರಾದರೆ ಈ ಹಕ್ಕು ಕಡಿಮೆಯಾಗುತ್ತದೆಂದು ಅಲ್ಲೆಲ್ಲೂ ಇಲ್ಲ. ಪದವಿ ತರಗತಿಯಲ್ಲಿ ಈ ಕಾಯ್ದೆಯನ್ನು ನಾನು ಪರೀಕ್ಷೆಗೆಂದು ಓದಿದ್ದೆ. ಹೀಗೆ ಒಬ್ಬ ಹುಡುಗಿಯ ಮುಖವನ್ನು ನೆನೆಯುತ್ತಾ ಓದಿರಲಿಲ್ಲ.

ಭಾನುವಾರವಿಡೀ ಹೊಸ ಪತ್ರ ಬರೆದೆ. ಹುಡುಗಿಯ ಮಾತುಗಳನ್ನು ಒಂದಕ್ಷರವೂ ಬದಲಿಸದೆ ಮೊದಲಿಗೆ ಇಟ್ಟು, ತೋಟದಲ್ಲಿ ರೈಟರ್ ಎಂದರೆ ಯಾರೆಂಬುದನ್ನು ಅದರ ಕೆಳಗೆ ಒಂದೇ ಸಾಲಿನಲ್ಲಿ ತಿಳಿಸಿದೆ. ಹೆಸರಿಲ್ಲ, ಊರಿಲ್ಲ, ಫೋಟೊ ಇಲ್ಲ. ಆಮೇಲೆ ನೇರವಾಗಿ ಲೆಕ್ಕ: ಒಂದು ಪ್ರತಿಗೆ 42 ರೂಪಾಯಿ, ಹತ್ತು ಪ್ರತಿಗೆ 420, ಒಂದು ಶಾಲೆಗೆ 50 ಪ್ರತಿ ಕಳಿಸಲು 2,100. ಮೊದಲ ಕರಡಿನಲ್ಲಿ ದಪ್ಪಕ್ಷರದಲ್ಲಿದ್ದ ತೆರಿಗೆ ವಿನಾಯಿತಿಯ ಮಾತನ್ನು ಕೊನೆಗೆ ತಂದೆ. ಆದಾಯ ತೆರಿಗೆ ಕಾಯ್ದೆಯ 80ಜಿ ಸೆಕ್ಷನ್ನಿನಡಿ ದೇಣಿಗೆಗೆ ಕೊಡುವ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ ಸಿಗುತ್ತದೆ. ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ಸಿಗುವುದಿಲ್ಲ. ನಾವು ಕೊಡುವ ರಸೀದಿಯೊಂದೇ ಸಾಲದು, 10ಬಿಇ ಎಂಬ ನಮೂನೆಯ ದೇಣಿಗೆ ಪ್ರಮಾಣಪತ್ರ ಬೇಕು. ಇವಿಷ್ಟನ್ನೂ ಬಿಡಿಸಿ ಬರೆದೆ. ಎಲ್ಲರಿಗೂ ವಿನಾಯಿತಿ ಸಿಗುವಂತೆ ತೋರಿಸುವ ಆಸೆ ಎಷ್ಟೇ ಇದ್ದರೂ, ಜೂನ್‌ನಲ್ಲಿ ಲೆಕ್ಕ ಹಾಕಿ ನಿರಾಶರಾಗುವ ದಾನಿ ಮುಂದಿನ ವರ್ಷ ನಮ್ಮ ಫೋನ್ ಎತ್ತುವುದಿಲ್ಲ.

ಸಂಜೆ ಐದರವರೆಗೆ ಒಂಬತ್ತು ಜನ ಹಣ ಕಳಿಸಿದ್ದಾರೆ, ಒಟ್ಟು 6,300 ರೂಪಾಯಿ. ನಿವೃತ್ತ ಶಿಕ್ಷಕಿಯೊಬ್ಬರು ಫೋನ್ ಮಾಡಿ 52, 62ರ ಭಾಗವನ್ನು ತಮ್ಮ ಮೊಮ್ಮಗಳಿಗೆ ಓದಿ ಹೇಳಿದರಂತೆ. ರಸೀದಿಯ ವಿಚಾರ ಅವರು ಎತ್ತಲೇ ಇಲ್ಲ, ಪ್ಯಾನ್ ಸಂಖ್ಯೆಯನ್ನು ನಾನೇ ಕೇಳಿ ಬರೆದುಕೊಂಡೆ. ಇನ್ನೂ 14,700 ಬಾಕಿ ಇದೆ. ನಾಳೆ ಬೆಳಿಗ್ಗೆ ಒಂಬತ್ತೂ ಜನರಿಗೆ ರಸೀದಿ ಕಳಿಸಬೇಕು, ಉಳಿದ 37 ಜನರಿಗೆ ಗುರುವಾರದಿಂದ ಫೋನ್ ಮಾಡಬೇಕು.

ಬರಹ ಅಚ್ಚಾದ ಪ್ರತಿ ಮಗುವಿಗೂ ಸಂಚಿಕೆಯ ಎರಡು ಪ್ರತಿ ಕೊಡುತ್ತೇವೆ. ಶನಿವಾರ ಬಸ್ಸಿಗೆ ಹೊರಟವಳನ್ನು ಆ ಹುಡುಗಿ ಗೇಟಿನವರೆಗೆ ಬಂದು ನಿಲ್ಲಿಸಿ, ಮೂರು ಕೊಡಲು ಆಗುತ್ತದೆಯೇ ಎಂದು ಕೇಳಿದ್ದಳು: ಒಂದು ಮನೆಗೆ, ಒಂದು ಅಜ್ಜಿಗೆ, ಇನ್ನೊಂದು ರೈಟರಿಗೆ. ವಿತರಣೆಯ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ 2 ಅನ್ನು ಹೊಡೆದು 3 ಎಂದು ತಿದ್ದಿದ್ದೇನೆ.