ಕೈ ಅಡ್ಡ ಹಿಡಿದಾಗ ನಿಲ್ಲಿಸೋ ಗಂಡಸು

ಆಷಾಢದಲ್ಲಿ ನಮ್ಮ ಚಿಕ್ಕಮ್ಮನ ಮಗ ಹಾಸನಕ್ಕೆ ಬಂದಿದ್ದ. ಅವನದು ಅರಕಲಗೂಡಿನ ಹತ್ತಿರ ಒಂದು ಹಳ್ಳಿ. ಶುಂಠಿ, ಆಲೂಗೆಡ್ಡೆ, ಸ್ವಲ್ಪ ಜೋಳ. ವಯಸ್ಸು 29. ಹೆಣ್ಣು ಹುಡುಕೋಕೆ ಶುರು ಮಾಡಿ ಮೂರು ವರ್ಷ ಆಯಿತು, ನಮ್ಮ ಕಡೆ ಜಮೀನು ಮಾಡಿಕೊಂಡಿರೋ ಹುಡುಗರ ಕಷ್ಟ ಗೊತ್ತಲ್ಲ, ಅದನ್ನು ಮತ್ತೆ ಹೇಳೋದು ಬೇಡ. ಅಡುಗೆಮನೆ ಬಾಗಿಲಿಗೆ ಒರಗಿಕೊಂಡು ಅವಲಕ್ಕಿ ತಿನ್ನುತ್ತಾ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದ.

"ಅಕ್ಕ, ಇದೆಲ್ಲಾ ನಿಜಾನಾ?"

ಒಂದು ರೀಲಿನಲ್ಲಿ ಕಪ್ಪು ಟೀ ಶರ್ಟಿನ ಗಡ್ಡದವನೊಬ್ಬ, ಹುಡುಗಿಯರಿಗೆ ಇಷ್ಟ ಆಗೋದು ಹೇಗೆ ಅಂತ ಪಾಠ ಮಾಡುತ್ತಿದ್ದ. ಹುಡುಗಿ ಕಣ್ಣು ತಪ್ಪಿಸೋವರೆಗೂ ನೀನು ಕಣ್ಣು ತೆಗೀಬೇಡ. ನಗಬೇಡ. ಕಾಲು ಅಗಲ ಮಾಡಿ ಕೂತ್ಕೋ. ದನಿ ಇಳಿಸು. ಮಾತಿಗೆ ಬರೀ 7 ಪರ್ಸೆಂಟ್ ಬೆಲೆ, ಮಿಕ್ಕ 93 ಎಲ್ಲಾ ಮೈಯಿಂದಲೇ.

"ನೀನು ಇದನ್ನೆಲ್ಲಾ ಮಾಡಿ ನೋಡಿದ್ಯಾ?"

"ಹೊಳೆನರಸೀಪುರಕ್ಕೆ ಹೆಣ್ಣು ನೋಡೋಕೆ ಹೋದಾಗ ಮಾಡ್ದೆ ಕಣಕ್ಕ."

"ಏನಾಯ್ತು?"

"ಹುಡುಗಿ ಅವರಮ್ಮನ ಕಿವೀಲಿ ಏನೋ ಹೇಳಿ ಒಳಗೆ ಹೋದ್ಲು. ಆಮೇಲೆ ಬರ್ಲೇ ಇಲ್ಲ."

ಅವಲಕ್ಕಿ ನೆತ್ತಿಗೇರುವಷ್ಟು ನಕ್ಕೆ. ಪಾಪ, ಅವನೂ ನಕ್ಕ. ಆದರೆ ರಾತ್ರಿ ಮಲಗಿದ ಮೇಲೆ ಯೋಚನೆ ಬಂತು, ಹುಡುಗ ಕೇಳಿದ್ದು ತಪ್ಪು ಪ್ರಶ್ನೆ ಏನಲ್ಲ. ಗಂಡಸು ಬಾಯಿ ತೆಗೆಯೋ ಮೊದಲೇ ಹೆಂಗಸರು ಎಷ್ಟೋ ವಿಷಯ ತಿಳಿದುಕೊಂಡಿರುತ್ತೇವೆ, ಅದು ಸುಳ್ಳಲ್ಲ. ನಾವು ಏನನ್ನು ನೋಡುತ್ತೇವೆ ಅನ್ನೋದರಲ್ಲಿ ಮಾತ್ರ ಆ ಗಡ್ಡದವನು ಎಡವಿದ್ದಾನೆ.

ಮೊದಲು ಆ 93ರ ಲೆಕ್ಕ ಮುಗಿಸಿಬಿಡುತ್ತೇನೆ. 1967ರಲ್ಲಿ ಆಲ್ಬರ್ಟ್ ಮೆಹ್ರಾಬಿಯನ್ ಅನ್ನೋ ಮನಶ್ಶಾಸ್ತ್ರಜ್ಞರ ಪ್ರಯೋಗಗಳಿಂದ ಬಂದ ಅಂಕಿ ಅದು. ಒಂದೊಂದೇ ಪದವನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಫೋಟೊ ತೋರಿಸಿ, ಹೇಳಿದವರಿಗೆ ಇಷ್ಟ ಇದೆಯೋ ಇಲ್ಲವೋ ಅಂತ ಊಹಿಸಲು ಹೇಳಿದ್ದರು. ಮಾತಿಗೂ ಮುಖಕ್ಕೂ ತಾಳೆ ಆಗದಿದ್ದಾಗ ಜನ ಮುಖವನ್ನೇ ನಂಬುತ್ತಾರೆ, ಅಷ್ಟೇ ವಿಷಯ. ಎಲ್ಲಾ ಮಾತುಕತೆಗೂ ಇದನ್ನು ಹಚ್ಚಬೇಡಿ ಅಂತ ಅವರೇ ಹೇಳಿದ್ದಾರೆ. ಮಾತಿಗೆ ಏಳೇ ಪರ್ಸೆಂಟ್ ಆಗಿದ್ದರೆ ನಾನು ಒಂಬತ್ತನೇ ಕ್ಲಾಸಿಗೆ ಸಮಾಜ ವಿಜ್ಞಾನವನ್ನು ಕೈಸನ್ನೆಯಲ್ಲೇ ಪಾಠ ಮಾಡಬಹುದಿತ್ತು, ಗಂಟಲಾದರೂ ಉಳಿಯುತ್ತಿತ್ತು.

ಕಾಲು ಅಗಲ ಮಾಡೋ ವಿಷಯ ಇದೆಯಲ್ಲ, ಅದಕ್ಕೆ ನನಗೆ ಬೇರೆ ಸಿಟ್ಟಿದೆ.

ನಾನು ದಿನಾ ಹಾಸನದಿಂದ ಬೇಲೂರಿನ ಕಡೆಗೆ ಬಸ್ಸಿನಲ್ಲಿ ಓಡಾಡುವವಳು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಮುಂದಿನ ಸೀಟುಗಳು ನಮಗೆ ಸಾಕಾಗುವುದಿಲ್ಲ, ಹಿಂದೆ ಗಂಡಸರ ಪಕ್ಕ ಕೂರೋದು ಮಾಮೂಲು. ಕೆಲವರು ಕೂತ ತಕ್ಷಣ ಮಂಡಿಗಳನ್ನು ಬಾಗಿಲ ಕದದ ಹಾಗೆ ಎರಡೂ ಕಡೆಗೆ ತೆಗೆದುಬಿಡುತ್ತಾರೆ. ಹಗರೆ ದಾಟುವ ಹೊತ್ತಿಗೆ ನಾನು ಕಿಟಕಿಗೆ ಅಂಟಿಸಿದ ಸ್ಟಿಕ್ಕರ್ ಆಗಿರುತ್ತೇನೆ. ಬ್ಯಾಗನ್ನು ಮಧ್ಯೆ ಇಟ್ಟರೂ ಅರ್ಥ ಆಗಲ್ಲ, ಮೈ ಹಿಂಡಿಕೊಂಡರೂ ಅರ್ಥ ಆಗಲ್ಲ. ಇನ್ನು ಕೆಲವರು, ನಾನು ಒಂದು ಚೂರು ಕಿಟಕಿ ಕಡೆ ಸರಿದರೆ ಸಾಕು, ತಲೆ ಎತ್ತದೇ, ಸಾರಿ ಕೂಡ ಹೇಳದೇ, ಮಂಡಿಯನ್ನು ಒಳಗೆ ಎಳೆದುಕೊಳ್ಳುತ್ತಾರೆ. ಅಂಥವರ ಮುಖ ಒಂದು ಸಲ ತಿರುಗಿ ನೋಡಬೇಕು ಅನ್ನಿಸುತ್ತದೆ. ನೋಡಿದ್ದೇನೆ ಕೂಡ, ಸುಳ್ಳು ಯಾಕೆ.

ಈಗ ತಮಾಷೆ ಏನಂದ್ರೆ, ರೀಲಿನವನು ಹೇಳಿದ್ದಕ್ಕೂ ಒಂದು ಆಧಾರ ಇದೆ. 2016ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಆಗಿತ್ತು. ಗುರುತಿಲ್ಲದ ಗಂಡು ಹೆಣ್ಣು ಕೆಲವೇ ನಿಮಿಷ ಎದುರುಬದುರು ಕೂತು ಮಾತಾಡೋ 144 ಭೇಟಿಗಳ ವಿಡಿಯೊ ನೋಡಿದರು. ಕೈಕಾಲು ಹರಡಿ, ಮೈ ಬಿಚ್ಚಿ ಕೂತವರಿಗೆ "ಮತ್ತೆ ಸಿಗೋಣ" ಅನ್ನೋ ಉತ್ತರ ಸಿಗೋ ಅವಕಾಶ ಹತ್ತಿರ ಹತ್ತಿರ ದುಪ್ಪಟ್ಟು. ಇರಬಹುದು, ನಾನು ಒಪ್ಪುತ್ತೇನೆ. ಭುಜ ಮಡಚಿಕೊಂಡು ಎದೆಗೆ ಕೈ ಕಟ್ಟಿ ಕೂತವನನ್ನು ನೋಡಿದರೆ ನಮಗೂ ಉಸಿರು ಕಟ್ಟಿದ ಹಾಗಾಗುತ್ತದೆ. ಆದರೆ ಆ ಹೆಂಗಸರು ಅಲ್ಲಿಗೆ ಬಂದಿದ್ದೇ ಗಂಡಸರನ್ನು ನೋಡೋಕೆ, ಮಧ್ಯೆ ಜಾಗವೂ ಇತ್ತು. ಮೂರು ಜನ ಕೂರೋ ಸೀಟಿನಲ್ಲಿ ಅದೇ ಕೆಲಸ ಮಾಡಿದರೆ ಬೇರೆ ಅರ್ಥ. ಜಾಗ ಹಿಡಿಯೋದೇ ಆಕರ್ಷಣೆ ಆಗಿದ್ದರೆ ಆಲೂರಿನ ತೋಟಗಳಿಗೆ ನುಗ್ಗೋ ಒಂಟಿ ಸಲಗಕ್ಕೆ ಇಷ್ಟು ಹೊತ್ತಿಗೆ ಸಂಬಂಧ ಕುದುರಿರಬೇಕಿತ್ತು.

ಕಣ್ಣಿನದೂ ಇದೇ ಕಥೆ. 1985ರಲ್ಲಿ ಮೋನಿಕಾ ಮೂರ್ ಅನ್ನೋ ಸಂಶೋಧಕಿ ಬಾರ್‌ಗಳಂಥ ಕಡೆ ಕೂತು ಹೆಂಗಸರ ಹಾವಭಾವ ಬರೆದುಕೊಂಡರು. ಒಂದು ಸಲ ನೋಡಿ ಕಣ್ಣು ತಿರುಗಿಸೋದು, ಕೂದಲು ಸರಿಮಾಡಿಕೊಳ್ಳೋದು, ತಲೆ ಓರೆ ಮಾಡೋದು, ಹೀಗೆ 52 ಬಗೆ. ಗಂಡಸರು ತಾವೇ ಹೋಗಿ ಮಾತಾಡಿಸಿದೆವು ಅಂದುಕೊಳ್ಳುತ್ತಾರೆ, ಆದರೆ ಎಷ್ಟೋ ಸಲ ಶುರು ಮಾಡಿದ್ದು ಹೆಂಗಸಿನ ಒಂದು ಕಿರುನೋಟ. ಇದಕ್ಕೆ ಉಲ್ಟಾ ತಪ್ಪೂ ಇದೆ. 1982ರಲ್ಲಿ ಆಂಟೋನಿಯಾ ಅಬ್ಬಿ ಅನ್ನೋರು ತೋರಿಸಿದ್ದು ಏನು ಅಂದ್ರೆ, ಹೆಂಗಸು ಸುಮ್ನೆ ಸ್ನೇಹವಾಗಿ ಮಾತಾಡಿದರೂ ಗಂಡಸರು ಅದರಲ್ಲಿ ಬೇರೇನೋ ಇದೆ ಅಂತ ಓದಿಕೊಳ್ಳುವುದು ಜಾಸ್ತಿ. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡೋ ಯಾವ ಹುಡುಗಿಯನ್ನಾದರೂ ಕೇಳಿ ನೋಡಿ. ನಗುತ್ತಾ ಸೀರೆ ತೋರಿಸೋದು ಅವಳ ಕೆಲಸ, ಆದರೆ ವಾರಕ್ಕೊಬ್ಬ ಅದನ್ನು ತನ್ನ ಜಾತಕದ ಫಲ ಅಂದುಕೊಳ್ಳುತ್ತಾನೆ.

ಅಂದ್ರೆ ಸನ್ನೆ ಕಳಿಸೋಕೆ ಕಲಿಯೋ ಗಂಡಸರು ಬೇಕಾದಷ್ಟು ಇದ್ದಾರೆ. ಬಂದ ಸನ್ನೆಯನ್ನು ಓದೋರು ಕಡಿಮೆ. ನಮ್ಮಜ್ಜಿ ಇಂಥವರಿಗೆ "ಸೂಕ್ಷ್ಮ ಇರೋ ಗಂಡ್ಸು" ಅನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಅವರ ಬಾಯಲ್ಲಿ ನಾನು ಕೇಳಿಲ್ಲ.

ನನ್ನ ಕಥೆಯನ್ನೇ ಹೇಳುತ್ತೇನೆ, ನಮ್ಮೆಜಮಾನರು ಇದನ್ನು ಓದುವುದಿಲ್ಲ ಅನ್ನೋ ಧೈರ್ಯದ ಮೇಲೆ. 2013ರಲ್ಲಿ ಹಾಸನದ ಒಂದು ಛತ್ರದಲ್ಲಿ ಗೆಳತಿಯ ಮದುವೆ. ಬಡಿಸೋ ಹುಡುಗರು ಕಡಿಮೆ ಬಿದ್ದರು ಅಂತ ಮನೆಯ ಕಡೆಯವರೇ ಪಂಚೆ ಎತ್ತಿ ಕಟ್ಟಿ ನಿಂತರು. ಪಂಕ್ತಿಯಲ್ಲಿ ಕೂತರೆ ಗಂಡಸರ ಬಗ್ಗೆ ಗೊತ್ತಾಗುವಷ್ಟು ಇನ್ನೆಲ್ಲೂ ಗೊತ್ತಾಗಲ್ಲ, ಇದು ನನ್ನ ಖಚಿತ ಅಭಿಪ್ರಾಯ. ಒಬ್ಬ ಪಲ್ಯ ಹಿಡಿದು ರೈಲಿನ ಹಾಗೆ ಹೋದ, ಯಾರ ಮುಖಾನೂ ನೋಡಲಿಲ್ಲ, ಎಲೆಗೆ ಬಿದ್ದರೆ ನಿಮ್ಮ ಪುಣ್ಯ. ಇನ್ನೊಬ್ಬ ಹುಡುಗಿಯರು ಕೂತ ಸಾಲಿಗೆ ಮಾತ್ರ ನಾಲ್ಕು ಸಲ ಹೋಳಿಗೆ ತಂದ, ಬೇಡ ಬೇಡ ಅಂದರೂ ಹಾಕಿದ, ಹಾಕಿ ಹಲ್ಲು ಕಿರಿದ. ಸಾರಿನ ಬಕೆಟ್ ಹಿಡಿದವರು ಮಾತ್ರ ಪ್ರತಿ ಎಲೆಯ ಮುಂದೂ ಸೊಂಟ ಬಗ್ಗಿಸಿ, ಕೂತವರ ಮುಖ ನೋಡಿ, ಆಮೇಲೆ ಸೌಟು ಎತ್ತುತ್ತಿದ್ದರು. ನನ್ನ ಪಕ್ಕ ಒಬ್ಬರು ಅಜ್ಜಿ. ಕೈ ನಡುಗುತ್ತಿತ್ತು. ಅನ್ನದ ಮಧ್ಯೆ ಗುಳಿ ಮಾಡಿಕೊಳ್ಳೋಕೆ ಅವರಿಗೆ ತುಂಬಾ ಹೊತ್ತು ಹಿಡಿಯಿತು. ಹಿಂದಿನಿಂದ ಯಾರೋ "ಬೇಗ ಬೇಗ" ಅಂತಿದ್ದರೂ ಇವರು ಬಗ್ಗಿದವರು ಬಗ್ಗಿಯೇ ಕಾದರು, ಅಜ್ಜಿ ಬೆರಳಲ್ಲಿ "ಒಂಚೂರು" ಅಂತ ತೋರಿಸಿದ ಮೇಲೆ ಒಂಚೂರೇ ಬಿಟ್ಟರು. ಆಮೇಲೆ ನನ್ನ ಸರದಿ. ಬಾಯಿ ತುಂಬಾ ಅನ್ನ ಇತ್ತು, ಎಲೆಗೆ ಕೈ ಅಡ್ಡ ಹಿಡಿದೆ. ಸೌಟು ಅಲ್ಲೇ ಗಾಳಿಯಲ್ಲಿ ನಿಂತಿತು. "ಇರ್ಲಿ ಹಾಕಿಸ್ಕೊಳ್ಳಿ" ಅನ್ನೋ ಒತ್ತಾಯ ಇಲ್ಲ, ಒಂದು ಹನಿ ಜಾಸ್ತಿ ಬೀಳಲಿಲ್ಲ. ಮುಂದಿನ ಎಲೆಗೆ ಹೋದರು.

ಹೈಟು ನನಗಿಂತ ಎರಡೇ ಇಂಚು ಜಾಸ್ತಿ. ಮುಂದಲೆ ಆಗಲೇ ತೆಳ್ಳಗಾಗಿತ್ತು. ಪಂಚೆ ಮೇಲೆ ಸಾರಿನ ಕಲೆ. ಆದರೂ ನಾನು ಮಜ್ಜಿಗೆ ಬರೋವರೆಗೂ ಆ ಬಕೆಟ್ ಯಾವ ಸಾಲಿನಲ್ಲಿದೆ ಅಂತಲೇ ನೋಡುತ್ತಿದ್ದೆ.

ಹೈಟು ಅಂದೆ ನೋಡಿ. ತಮ್ಮನಿಗೆ ಅದೊಂದು ಕೊರಗು, ಐದೂವರೆ ಅಡಿ ಅಂತ. ಹುಡುಗಿಯರು ಎತ್ತರ ನೋಡಲ್ಲ ಅಂತ ಸುಳ್ಳು ಹೇಳಲಾರೆ, ನೋಡುತ್ತಾರೆ. ಆದರೆ ನಮ್ಮ ಜಿಲ್ಲೆಯಲ್ಲೇ 57-58 ಅಡಿಯ ಚೆಲುವ ನಿಂತಿದ್ದಾನಲ್ಲ, ಶ್ರವಣಬೆಳಗೊಳದಲ್ಲಿ. ಭಕ್ತರು ತಪ್ಪು ತಿಳಿಯಬಾರದು, ಜೈನರ ನಂಬಿಕೆಯಲ್ಲೇ ಬಾಹುಬಲಿ ಮೊದಲ ಕಾಮದೇವ. ಆ ಮೂರ್ತಿಯ ಬಗ್ಗೆ 12ನೇ ಶತಮಾನದಲ್ಲಿ ಬೊಪ್ಪಣ ಪಂಡಿತ ಒಂದು ಶಾಸನ ಬರೆದಿದ್ದಾನೆ. ಮೂರ್ತಿ ತುಂಬಾ ಎತ್ತರ ಆದರೆ ಅದರಲ್ಲಿ ಚೆಲುವು ಇರೋದು ಕಷ್ಟ ಅಂತ ಶುರು ಮಾಡಿ, ಇಲ್ಲಿ ಮಾತ್ರ ಎರಡೂ ಇದೆ ಅಂತ ಮೆಚ್ಚುತ್ತಾನೆ. ನಾನು ಮಕ್ಕಳನ್ನು ಟೂರ್ ಕರೆದುಕೊಂಡು ಹೋದಾಗಲೆಲ್ಲಾ ನೋಡುವುದು ಆ ಕೈಗಳನ್ನು. ಅಷ್ಟು ಅಗಲದ ಭುಜ, ಆದರೆ ಕೈ ಸುಮ್ನೆ ಇಳಿಬಿದ್ದಿದೆ. ಮುಷ್ಟಿ ಇಲ್ಲ, ಬಿಗಿ ಇಲ್ಲ. ತುಟಿಯಲ್ಲಿ ನಗುವೋ ಅಲ್ಲವೋ ಅನ್ನುವಷ್ಟು ನಗು.

ನಗಬೇಡ ಅನ್ನೋದೂ ಎಲ್ಲಿಂದಲೋ ಎತ್ತಿದ್ದೇ. 2011ರಲ್ಲಿ ಕೆನಡಾದವರ ಒಂದು ಅಧ್ಯಯನದಲ್ಲಿ, ಹೆಮ್ಮೆಯಿಂದ ತಲೆ ಎತ್ತಿ ನಿಂತ ಗಂಡಸಿನ ಫೋಟೊಗೆ ಹೆಂಗಸರು ಜಾಸ್ತಿ ಅಂಕ ಕೊಟ್ಟರು, ಬಾಯಿ ತುಂಬಾ ನಕ್ಕವನಿಗೆ ಕಡಿಮೆ. ಆದರೆ ಅದು ಫೋಟೊ ನೋಡಿ ಮೊದಲ ಸೆಳೆತ ಎಷ್ಟು ಅಂತ ಕೇಳಿದ್ದು, ಜೊತೆಗೆ ಬಾಳ್ತೀಯಾ ಅಂತ ಅಲ್ಲ. ಸುಳ್ಳು ನಗು ಯಾರಿಗೂ ಬೇಡ, ಅದು ಬೇರೆ. 1862ರಲ್ಲೇ ಫ್ರಾನ್ಸಿನ ಡುಶೆನ್ ಅನ್ನೋ ವೈದ್ಯ ಬರೆದಿದ್ದ, ಮನಸ್ಸಿನಿಂದ ನಕ್ಕಾಗ ಕಣ್ಣಿನ ಸುತ್ತಲಿನ ಸ್ನಾಯು ತಾನಾಗಿ ಅಲುಗುತ್ತದೆ, ಬರೀ ತುಟಿಯ ನಗುವಿನಲ್ಲಿ ಅಲುಗಲ್ಲ ಅಂತ. ಹಲ್ಲು ಕಿರಿದ ಹೋಳಿಗೆಯವನ ಕಣ್ಣು ಸತ್ತ ಮೀನಿನದು.

ಗಡ್ಡದ ಬಗ್ಗೆ ಹೆಚ್ಚು ಹೇಳಲ್ಲ. ಕುರುಚಲು ಗಡ್ಡಕ್ಕೆ ಜಾಸ್ತಿ ಅಂಕ ಅಂತ 2013ರ ಒಂದು ಅಧ್ಯಯನ ಹೇಳುತ್ತದೆ, ಇಟ್ಟುಕೋ ಅಂದೆ, ಕತ್ತಿನ ಹತ್ತಿರ ನೀಟಾಗಿ ತೆಗೆಸು ಅಂದೆ. ವಾಸನೆ ಮಾತ್ರ ಮುಖ್ಯ. ಸ್ವಿಟ್ಜರ್ಲೆಂಡಿನಲ್ಲಿ 1995ರಲ್ಲಿ ಗಂಡಸರು ಎರಡು ರಾತ್ರಿ ಹಾಕಿ ಮಲಗಿದ ಟೀ ಶರ್ಟುಗಳನ್ನು ಹೆಂಗಸರಿಗೆ ಮೂಸಲು ಕೊಟ್ಟಿದ್ದರು. ರೋಗ ತಡೆಯೋ ಜೀನುಗಳು ತಮಗಿಂತ ಬೇರೆ ಇರೋ ಗಂಡಸಿನ ಬೆವರು ಅವರಿಗೆ ಹಿತ ಅನ್ನಿಸಿತಂತೆ. ಆಮೇಲಿನ ಎಲ್ಲಾ ಪ್ರಯೋಗಗಳಲ್ಲೂ ಅದೇ ಉತ್ತರ ಬಂದಿಲ್ಲ. ಅದೇನೇ ಇರಲಿ, ಅರ್ಧ ಬಾಟಲಿ ಸೆಂಟು ಸುರಿದುಕೊಂಡು ಬಸ್ ಹತ್ತೋ ಹುಡುಗರಿಂದ ಯಾವ ಜೀನೂ ಗೊತ್ತಾಗಲ್ಲ, ತಲೆನೋವು ಗೊತ್ತಾಗುತ್ತದೆ.

ಇಷ್ಟನ್ನೂ ತಮ್ಮನಿಗೆ ಹೇಳಿದೆ. ಅವನು ಕೇಳಿಸಿಕೊಂಡನೋ ಇಲ್ಲವೋ, "ಹಂಗಾದ್ರೆ ಕಣ್ಣು ಎಷ್ಟು ಸೆಕೆಂಡ್ ಇಡ್ಲಿ?" ಅಂದ. ಲೋ, ಎಣಿಸಬೇಡ ಕಣೋ ಅಂದು ಕಳಿಸಿದೆ.

ಶ್ರಾವಣ ಬಂತು. ಆಲೂರಿನ ಕಡೆ ಒಂದು ಹೆಣ್ಣು ನೋಡೋಕೆ ಹೋಗಿದ್ದರು. ಸಾಯಂಕಾಲ ನಾನೇ ಫೋನ್ ಮಾಡಿದೆ.

"ಏನೋ, ಕಣ್ಣಲ್ಲಿ ಕಣ್ಣಿಟ್ಯಾ?"

"ಇಲ್ಲ ಕಣಕ್ಕ, ಮರ್ತೇಹೋಯ್ತು. ಅವರ ಮನೆ ಪಕ್ಕದಲ್ಲೇ ಶುಂಠಿ ಹಾಕವ್ರೆ. ಎಲೆ ಎಲ್ಲಾ ಹಳದಿ ತಿರುಗಿತ್ತು. ಕಾಫಿ ಕುಡೀತಾ ಕಿಟಕೀಲಿ ಅದನ್ನೇ ನೋಡ್ತಾ ಕೂತ್ಬಿಟ್ಟೆ. ಅಮ್ಮ ಆಮೇಲೆ ಬೈದ್ರು."

"ಹುಡುಗಿ?"

"ಅವಳೇ ಕೇಳಿದ್ಲು, ಏನು ಅಷ್ಟೊತ್ತಿಂದ ನೋಡ್ತಿದೀರ ಅಂತ. ಕೊಳೆ ರೋಗ ಇರ್ಬೇಕು, ನೀರು ನಿಲ್ತಾ ಇದೆ, ಕಾಲುವೆ ಬಿಡಿಸಿ ಅಂದೆ. ಇಬ್ರೂ ಹೋಗಿ ಎರಡು ಗಿಡ ಕಿತ್ತು ನೋಡಿದ್ವಿ."

ಮಾತು ಮುಂದಕ್ಕೆ ಹೋಗುತ್ತೋ ಇಲ್ವೋ, ಅವರ ಅಪ್ಪನಿಗೆ ಬೆಂಗಳೂರಿನ ಅಳಿಯನೇ ಬೇಕಂತೆ. ಫೋನ್ ನಂಬರ್ ಮಾತ್ರ ಅವಳೇ ಕೇಳಿ ತೆಗೆದುಕೊಂಡಿದ್ದಾಳೆ, ಗದ್ದೆಗೆ ಯಾವ ಔಷಧಿ ಹೊಡೀಬೇಕು ಅಂತ ವಿಚಾರಿಸೋಕೆ.