ಪರ್ಸೆಪ್ಷನ್ ರೋಲ್ ಬದಲು ಈಗ ಟ್ರ್ಯಾಪೇ ಡೈಸ್ ಹಾಕುತ್ತದೆ: ಹಾಳು ಕೋಟೆ ಅಡ್ವೆಂಚರ್, ಇಲ್ಲಿವರೆಗಿನ ಕೆಲಸ

ಡೈಸ್ ಹಾಕಿ, ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕೆ ನಾನು ಬರೆಯುತ್ತಿರುವ ಕೋಟೆಯ ನೆಲಮಾಳಿಗೆಯ ಮ್ಯಾಪ್ ಮುಗಿಯಿತು. ಯಾವ ಕೋಣೆಯಲ್ಲಿ ಯಾರಿದ್ದಾರೆ ಅನ್ನೋದೂ ಆಯಿತು. ಈಗ ನೋಟ್ಸ್‌ನಲ್ಲಿ ‘ಡಿಸಿ 15 ಪರ್ಸೆಪ್ಷನ್’ (ಅಡಗಿದ್ದು ಕಣ್ಣಿಗೆ ಬೀಳಬೇಕಾದರೆ ಡೈಸ್‌ನಲ್ಲಿ ಬೋನಸ್ ಸೇರಿ 15 ಮುಟ್ಟಬೇಕು) ಅಂತ ಇರುವ ಜಾಗಗಳನ್ನು ಹುಡುಕಿ ಒಂದೊಂದಾಗಿ ಹೊಡೆದು ಹಾಕುತ್ತಿದ್ದೇನೆ.

ಯಾಕೆ ಅಂದರೆ ಲೆಕ್ಕ ಕೂಡುವುದಿಲ್ಲ. ನಾವು ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಎಡಿಷನ್, 2014ರ ರೂಲ್ಸ್. ಅಲ್ಲಿ ಡಿಸಿ 15 ಅಂದರೆ ಮಧ್ಯಮ ಕಷ್ಟ. ಬೋನಸ್ ಏನೂ ಇಲ್ಲದವರು ಡಿ20 (20 ಮುಖದ ಡೈಸ್) ಹಾಕಿದರೆ ಗೆಲ್ಲುವ ಸಾಧ್ಯತೆ 30%. ಆದರೆ ಒಬ್ಬರು ‘ನಾನು ಸುತ್ತ ನೋಡ್ತೀನಿ’ ಅಂದ ತಕ್ಷಣ ಉಳಿದ ಮೂವರೂ ‘ನಾನೂ, ನಾನೂ’ ಅಂತ ಡೈಸ್ ಎತ್ತಿಕೊಳ್ಳುತ್ತಾರೆ, ಅಲ್ವಾ? ನಾಲ್ಕು ಜನ ಹಾಕಿದರೆ ಒಬ್ಬರಿಗಾದರೂ ಕಾಣುವ ಸಾಧ್ಯತೆ 76%. ಎಲ್ಲರಿಗೂ +3 ಇದ್ದರೆ 90% ದಾಟುತ್ತದೆ. ಮಧ್ಯಮ ಕಷ್ಟ ಅನ್ನೋದು ಹೆಸರಿಗಷ್ಟೇ ಉಳಿಯಿತು.

ಇನ್ನೊಂದು ತೊಂದರೆ ಎಲ್ಲ ಡಿಎಂಗಳಿಗೂ (ನನ್ನ ಹಾಗೆ ಆಟ ನಡೆಸುವವರಿಗೂ) ಗೊತ್ತು. ‘ಪರ್ಸೆಪ್ಷನ್ ರೋಲ್ ಮಾಡಿ’ ಅಂದರೆ ಸಾಕು, ಇಲ್ಲೇನೋ ಇದೆ ಅಂತ ಗುಟ್ಟು ರಟ್ಟು. 3 ಬಿದ್ದವರು ‘ಏನೂ ಕಾಣಲಿಲ್ಲ’ ಅಂತ ಕೇಳಿಸಿಕೊಂಡು, ಬಾಗಿಲು ಮುಟ್ಟೋಕೇ ಹೋಗುವುದಿಲ್ಲ.

ಇದಕ್ಕೆ ರೂಲ್‌ಬುಕ್‌ನಲ್ಲೇ ಇರುವ ಮದ್ದು ಪ್ಯಾಸಿವ್ ಪರ್ಸೆಪ್ಷನ್, ಅಂದರೆ ಡೈಸ್ ಹಾಕದೆ ಪಾತ್ರದ ಗಮನಕ್ಕೆ ಕೊಡುವ ಸ್ಥಿರ ಅಂಕ: 10ಕ್ಕೆ ವಿಸ್‌ಡಮ್ ಮಾಡಿಫೈಯರ್ (ಪಾತ್ರದ ಅರಿವಿಗೆ ತಕ್ಕ ಅಂಕ) ಸೇರಿಸಿ, ಸ್ಕಿಲ್ ಕಲಿತಿದ್ದರೆ ಪ್ರೊಫಿಶಿಯನ್ಸಿ ಬೋನಸ್ (ಪಳಗಿದ್ದಕ್ಕೆ ಸಿಗುವ ಅಂಕ) ಕೂಡ. ಆದರೆ ಸುಮ್ನೆ ಇದನ್ನೇ ಬಳಸಿದರೆ ಆಟ ಸಪ್ಪೆ. ತಂಡದ ಕ್ಲೆರಿಕ್‌ನ (ಪೂಜಾರಿ ಪಾತ್ರದ) ಪ್ಯಾಸಿವ್ 16 ಅಂತ ನನಗೆ ಗೊತ್ತು, ಟ್ರ್ಯಾಪ್‌ನ ಡಿಸಿ ಬರೆಯುವುದೂ ನಾನೇ. ಹಾಗಾದರೆ ಯಾವುದು ಕಾಣುತ್ತದೆ, ಯಾವುದು ಕಾಣುವುದಿಲ್ಲ ಅನ್ನೋದನ್ನು ಮನೆಯಲ್ಲಿ ಕೂತು ಮೊದಲೇ ತೀರ್ಮಾನ ಮಾಡಿದ ಹಾಗಾಯಿತು.

ಹೊಂಚು ಹಾಕುವ ಗಾಬ್ಲಿನ್‌ಗಳ ವಿಷಯದಲ್ಲಿ ಈ ಕಷ್ಟ ಇಲ್ಲ. ಅಲ್ಲಿ ಗಾಬ್ಲಿನ್ ಸ್ಟೆಲ್ತ್ ರೋಲ್ ಮಾಡುತ್ತದೆ, ಅದನ್ನು ಪ್ಲೇಯರ್‌ಗಳ ಪ್ಯಾಸಿವ್ ಜೊತೆ ಹೋಲಿಸುತ್ತೇವೆ. ಅವಿತವರು ಡೈಸ್ ಹಾಕುತ್ತಾರೆ, ನೋಡುವವರು ಹಾಕುವುದಿಲ್ಲ. ಇದನ್ನೇ ಟ್ರ್ಯಾಪ್‌ಗೂ ಗುಪ್ತ ಬಾಗಿಲಿಗೂ ಎಳೆದುಕೊಂಡೆ. ಟ್ರ್ಯಾಪ್‌ನ ಡಿಸಿಯಿಂದ 11 ಕಳೆದರೆ ಅದರ ಬೋನಸ್ ಸಿಗುತ್ತದೆ. ಡಿಸಿ 15 ಇದ್ದರೆ ಡಿ20 + 4. ಬಂದ ಮೊತ್ತ ಪ್ಯಾಸಿವ್‌ಗಿಂತ ಜಾಸ್ತಿ ಇದ್ದರೆ ಟ್ರ್ಯಾಪ್ ಅಡಗಿಯೇ ಇರುತ್ತದೆ, ಸಮ ಬಂದರೆ ಪ್ಲೇಯರ್‌ಗೆ ಕಾಣುತ್ತದೆ. ಪ್ಯಾಸಿವ್ 10 ಇರುವವರಿಗೆ ಲೆಕ್ಕ ಹಾಕಿ ನೋಡಿ, ಅದೇ 30% ಬರುತ್ತದೆ. ಮಜಾ ಇರುವುದು ಮುಂದೆ: ಇಡೀ ತಂಡಕ್ಕೆ ಒಂದೇ ರೋಲ್ ಆದ್ದರಿಂದ ನಾಲ್ಕು ಜನ ಇದ್ದರೂ ಅದು 76% ಆಗುವುದಿಲ್ಲ, ಗುಂಪಿನಲ್ಲಿ ಚುರುಕು ಕಣ್ಣಿನವರು ಯಾರೋ ಅವರ ಸಾಧ್ಯತೆಯೇ ಎಲ್ಲರದ್ದೂ. ಈ ರೋಲನ್ನು ಅವರಿಗೆ ಕಾಣದ ಹಾಗೆ ಸ್ಕ್ರೀನ್ ಹಿಂದೆ, ಅವರು ಮಾತಾಡುತ್ತಿರುವಾಗಲೇ ಹಾಕಿಬಿಡುತ್ತೇನೆ.

ಕತ್ತಲೆಯ ರೂಲನ್ನೂ ಈಗ ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ. ಡಾರ್ಕ್‌ವಿಷನ್ ಇದ್ದರೆ ಕತ್ತಲೆಯಲ್ಲಿ ಹಗಲಿನಂತೆ ಕಾಣುತ್ತದೆ ಅಂತ ತುಂಬಾ ಜನ ಆಡುತ್ತಾರೆ. ಹಾಗಿಲ್ಲ. ಕತ್ತಲೆ ಅವರಿಗೆ ಮಂದ ಬೆಳಕಿನ ಹಾಗೆ, ಮಂದ ಬೆಳಕಿನಲ್ಲಿ ಕಣ್ಣಿನಿಂದ ಮಾಡುವ ಪರ್ಸೆಪ್ಷನ್‌ಗೆ ಡಿಸ್‌ಅಡ್ವಾಂಟೇಜ್, ಅಂದರೆ ಪ್ಯಾಸಿವ್‌ನಲ್ಲಿ 5 ಕಡಿತ. ಡಾರ್ಕ್‌ವಿಷನ್ ಇರುವ, ಪ್ಯಾಸಿವ್ 14ರ ಎಲ್ಫ್ ಪಂಜು ಹಚ್ಚದೆ ಹೋದರೆ 9. ಹಚ್ಚಿದರೆ 20 ಅಡಿ ಚೆನ್ನಾಗಿ ಕಾಣುತ್ತದೆ, ಆದರೆ ದೂರದ ಕಾವಲುಗಾರರಿಗೂ ಇವರು ಕಾಣುತ್ತಾರೆ. ಪಂಜಿನ ಬಗ್ಗೆ ಟೇಬಲ್‌ನಲ್ಲಿ ಜಗಳ ಆಗುತ್ತಿದೆ. ನನಗೆ ಬೇಕಾಗಿದ್ದೂ ಅದೇ.

ಕಥೆ ಮುಂದೆ ಹೋಗಲು ಬೇಕೇ ಬೇಕಾದ ಸುಳಿವಿಗೆ ರೋಲೇ ಇಲ್ಲ. ಗಮ್‌ಶೂ ಅನ್ನೋ ಪತ್ತೇದಾರಿ ಆಟಗಳ ಸಿಸ್ಟಮ್ ನಿಂತಿರುವುದೇ ಈ ಯೋಚನೆಯ ಮೇಲೆ. ಯಾರಾದರೂ ‘ಕಪಾಟಿನ ಕೆಳಗೆ ಕೈ ಹಾಕ್ತೀನಿ’ ಅಂತ ಜಾಗ ಹೇಳಿದರೂ ರೋಲ್ ಇಲ್ಲ, ಬೀಗದ ಕೈ ಅಲ್ಲಿದ್ದರೆ ಸಿಕ್ಕಿತು. ನೆಲದ ಮೇಲಿನ ಗೀರು ಕಂಡಿತು ಅಂತ ಹೇಳುವುದು ನನ್ನ ಕೆಲಸ, ಹಾಗಾದರೆ ಕಪಾಟು ಸರಿಯುತ್ತದೆ ಅಂತ ಊಹಿಸುವುದು ಅವರ ಕೆಲಸ. ಹೊಳೆಯದಿದ್ದರೆ ಇನ್ವೆಸ್ಟಿಗೇಷನ್ (ಸುಳಿವಿನಿಂದ ತರ್ಕಿಸುವ ಸ್ಕಿಲ್) ರೋಲ್ ಇದ್ದೇ ಇದೆ.

ಅಂದಹಾಗೆ, 2000ದ ಮೂರನೇ ಎಡಿಷನ್‌ನಲ್ಲಿ ಸ್ಪಾಟ್, ಲಿಸನ್, ಸರ್ಚ್ ಅಂತ ಮೂರು ಬೇರೆ ಬೇರೆ ಸ್ಕಿಲ್ ಇದ್ದವು. ಈಗ ಪರ್ಸೆಪ್ಷನ್ ಒಂದರಲ್ಲೇ ನೋಡುವುದೂ ಕೇಳುವುದೂ ಬಂದುಬಿಡುವುದರಿಂದ ಎಲ್ಲರೂ ಅದನ್ನೇ ಆರಿಸಿಕೊಳ್ಳುತ್ತಾರೆ. ತಪ್ಪು ಅವರದ್ದಲ್ಲ.

ಬಗೆಹರಿಯದೆ ಉಳಿದಿರುವುದು ಎರಡು. ನಮ್ಮ ರೋಗ್ (ಕಳ್ಳಿಯ ಪಾತ್ರ) ಅಬ್ಸರ್ವಂಟ್ ಅನ್ನೋ ಫೀಟ್ (ವಿಶೇಷ ಸಾಮರ್ಥ್ಯ) ತಗೊಂಡಿದ್ದಾಳೆ, ಪ್ಯಾಸಿವ್‌ಗೆ ನೇರ +5. ಬೆಳಕಿದ್ದರೆ ಅವಳ ಕಣ್ಣು ತಪ್ಪಿಸುವ ಟ್ರ್ಯಾಪ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಡಿಸಿ ಏರಿಸಿ ಅವಳ ಫೀಟನ್ನು ವ್ಯರ್ಥ ಮಾಡಲು ನನಗೆ ಇಷ್ಟವಿಲ್ಲ. ಹಾಗಾಗಿ ಮೂರನೇ ಕೋಣೆಯ ಟ್ರ್ಯಾಪ್ ಕಂಡರೂ ದಾಟುವುದು ಕಷ್ಟ ಆಗುವ ಹಾಗೆ ತಿದ್ದುತ್ತಿದ್ದೇನೆ. ಎರಡನೆಯದು, ಡೈಸ್ ಹಾಕುವ ಖುಷಿ ಕಡಿಮೆಯಾಯಿತು ಅಂತ ಒಬ್ಬರ ದೂರು. ನ್ಯಾಯವಾದ ದೂರೇ. ಮುಂದಿನ ಸೆಷನ್‌ನಲ್ಲಿ, ಅವರಾಗಿಯೇ ನಿಂತು ಹುಡುಕಿದರೆ ಒಬ್ಬರಷ್ಟೇ ರೋಲ್ ಮಾಡುವುದು, ಜೊತೆಗಿರುವವರು ಸಹಾಯ ಮಾಡಿ ಅಡ್ವಾಂಟೇಜ್ (ಎರಡು ಡೈಸ್ ಹಾಕಿ ಹೆಚ್ಚಿನದನ್ನು ಇಟ್ಟುಕೊಳ್ಳುವುದು) ಕೊಡುವುದು, ಸೋತರೂ ವಸ್ತು ಸಿಗುವುದು ಆದರೆ ಅಷ್ಟರಲ್ಲಿ ಕಾವಲಿನವರು ಒಂದು ಸುತ್ತು ಬಂದುಬಿಡುವುದು, ಹೀಗೆ ಮಾಡಿ ನೋಡುತ್ತೇನೆ.