ಗೋಡೆ ಮೇಲೊಂದು ಸೀಳಿದ ಅತ್ತಿ

ದೀಪಾವಳಿ ಕಳೆದ ಮೇಲೆ ಶಿರಸಿ ಕಡೆಯ ಒಂದು ಹಳ್ಳಿ ಶಾಲೆಗೆ ಗೋಡೆಚಿತ್ರ ಬರೆಯಲು ಹೋಗಿದ್ದೆ. ವಿಷಯ, ಅತ್ತಿ ಹಣ್ಣು ಮತ್ತು ಅದರೊಳಗೆ ಹುಟ್ಟುವ ಕಣಜ. ಇಂಥದ್ದಕ್ಕೆ ಸಾಮಾನ್ಯವಾಗಿ ಮೊಟ್ಟೆ, ಮರಿಹುಳ, ಪ್ಯೂಪ, ಕಣಜ ಅಂತ ನಾಲ್ಕು ಚೌಕ ಹಾಕಿ ನಡುವೆ ಬಾಣ ಎಳೆಯುತ್ತಾರೆ. ನನಗದು ಸಾಲದು ಅನಿಸಿತು. ಇದೆಲ್ಲ ನಡೆಯೋ ಜಾಗವೇ ಚಿತ್ರದಲ್ಲಿ ಇಲ್ಲ ಅಂದ್ರೆ ಹೇಗೆ?

ಶಾಲೆ ಹಿಂದಿನ ಹಳ್ಳದ ದಂಡೆಯಲ್ಲೇ ಅತ್ತಿ ಮರ. ಕಾಂಡದ ತುಂಬ ಗೊಂಚಲು ಗೊಂಚಲು ಕಾಯಿ. ಅಕ್ಕೋರು ಒಂದನ್ನು ಬ್ಲೇಡಿನಿಂದ ಸೀಳಿದರು. ಭೂತಗನ್ನಡಿ ಹಿಡಿದು ನೋಡಿದೆವು. ಒಳಗೋಡೆಯಲ್ಲಿ ಒತ್ತೊತ್ತಾಗಿ ಪುಟ್ಟ ಪುಟ್ಟ ಹೂಗಳು. ತುದಿಯಲ್ಲೊಂದು ಕಿರಿದಾದ ಬಾಯಿ, ಅದನ್ನು ಮುಚ್ಚಿದ ಪದರಗಳು. ಹೆಣ್ಣು ಕಣಜ ಅಲ್ಲೇ ನುಸುಳಬೇಕು. ನುಸುಳುವಾಗ ರೆಕ್ಕೆ ಹರಿದುಹೋಗುತ್ತದೆ.

ಆ ಸೀಳಿದ ಅತ್ತಿಯನ್ನೇ ಗೋಡೆ ತುಂಬ ಬರೆದೆ. ಬಾಣ ಬೇಕಾಗಲೇ ಇಲ್ಲ. ಬಾಯಿ ಮೇಲಕ್ಕೆ. ಅಲ್ಲಿಂದ ಬಲಕ್ಕೆ ಒಳಗೋಡೆ ಹಿಡಿದು ಸುತ್ತಿದರೆ ಕಾಲ ಮುಂದೆ ಹೋಗುತ್ತದೆ. ಬಣ್ಣವೂ ಹಸಿರಿನಿಂದ ಕೆಂಪಿಗೆ ತಿರುಗುತ್ತದೆ, ಅತ್ತಿ ಮಾಗೋ ಹಾಗೇ. ಶಲಾಕೆ ಅಂದ್ರೆ ಹೆಣ್ಣು ಹೂವಿನ ಅಂಡಾಶಯದ ಮೇಲಿರೋ ಸಣ್ಣ ಕೊಳವೆ. ಗಿಡ್ಡ ಶಲಾಕೆಯ ಹೂಗಳಲ್ಲಿ ಮೊಟ್ಟೆ, ಉದ್ದ ಶಲಾಕೆಯವುಗಳಲ್ಲಿ ಬೀಜ. ರೆಕ್ಕೆಯಿಲ್ಲದ ಗಂಡಿಗೆ ನಸು ಹಳದಿ, ಹೆಣ್ಣಿಗೆ ಕಪ್ಪು. ಗಂಡು ಗೋಡೆ ಕೊರೆದು ದಾರಿ ಮಾಡಿ ಸಾಯುತ್ತದೆ. ಹೆಣ್ಣು ಪರಾಗ ಹೊತ್ತು ಆ ದಾರಿಯಲ್ಲಿ ಹೊರಬೀಳುತ್ತದೆ.

ಕಣಜ ಇರೋದು 2 ಮಿಲಿಮೀಟರ್ ಆಸುಪಾಸು. ಗೋಡೆ ಮೇಲೆ ಅಂಗೈಯಗಲ ಬರೆದರೆ ಮಕ್ಕಳಿಗೆ ಅದರ ಗಾತ್ರ ತಿಳಿಯೋದಿಲ್ಲ. ಅದಕ್ಕೇ ಪಕ್ಕದಲ್ಲಿ ಒಂದು ಸಾಸಿವೆ ಕಾಳನ್ನೂ ಅಷ್ಟೇ ಹಿಗ್ಗಿಸಿ ಬರೆದೆ. ಅದು ಎಲ್ಲರ ಮನೆಯಲ್ಲೂ ಇರೋದೇ ಅಲ್ವಾ.

ಅತ್ತಿ ಹಣ್ಣಲ್ಲಿ ಬರೀ ಹುಳ ಅಂತ ಮೂಗು ಮುರಿಯೋರೇ ಜಾಸ್ತಿ. ಆ ಹುಳ ಬರದಿದ್ದರೆ ಅತ್ತಿಗೆ ಬೀಜವೇ ಕಟ್ಟೋದಿಲ್ಲ. ಇದನ್ನು ಮಕ್ಕಳು ಸುಮ್ನೆ ನೋಡಿಯೇ ತಿಳಿಯಬೇಕು ಅನ್ನೋದು ನನ್ನ ಆಸೆಯಾಗಿತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಒಬ್ಬಳು ಹುಡುಗಿ ಬಾಯಿಂದ ಶುರುಮಾಡಿ ಬೆರಳಾಡಿಸುತ್ತ ಬಂದಳು. ಹೊರಬೀಳೋ ತೂತಿನ ಹತ್ತಿರ ಬೆರಳು ನಿಂತಿತು.

"ಅಕ್ಕೋರೇ, ಇದು ಈಗ ಎಲ್ಲಿಗೆ ಹೋಗ್ತದೆ?"

"ಇನ್ನೊಂದು ಅತ್ತಿ ಮರಕ್ಕೆ. ಅಲ್ಲಿ ಎಳೆ ಕಾಯಿ ಇರಬೇಕು."

"ಆಲದ ಮರಕ್ಕೆ ಹೋದ್ರೆ?"

"ಆಗೋದಿಲ್ಲ. ಆಲಕ್ಕೆ ಬೇರೆಯದೇ ಕಣಜ ಇದೆ."

ನಾನು ಮತ್ತೆ ಕುಂಚ ತೆಗೆದೆ. ತೂತಿನ ಆಚೆ, ಚಿತ್ರದ ಅಂಚಿನಲ್ಲಿ, ಹಸಿರು ಬಣ್ಣದ ಇನ್ನೊಂದು ಎಳೆ ಅತ್ತಿಕಾಯಿ ಸೇರಿಸಿದೆ. ಪಕ್ಕದ ಗೋಡೆ ಖಾಲಿ ಇದೆ. ಅದನ್ನು ಆಲಕ್ಕೆ ಅಂತ ಅಕ್ಕೋರ ಹತ್ತಿರ ಕೇಳಿಟ್ಟಿದ್ದೇನೆ.